ಹವಾಮಾನಕ್ಕೆ ಮುಂಚಿನ ಕೆಮ್ಮು

"ಒಂದೇ ಸಲ ಕೆಮ್ಮಿದ್ದು ಅತ್ತೆ."

"ಎರಡು. ಪಕ್ಕದಲ್ಲೇ ಕೂತಿದ್ದವಳು ನಾನು. ನೀನು ಬಚ್ಚಲಲ್ಲಿ ಮಗು ತೊಳೀತಿದ್ದೆ."

"ನಲ್ಲಿ ನಿಲ್ಲಿಸಿಯೇ ಕೇಳಿದ್ದು."

ಸೊಸೆ ಹದಿನಾಲ್ಕು ತಿಂಗಳ ಮಗುವನ್ನು ಟವೆಲಿನಲ್ಲಿ ಸುತ್ತಿಕೊಂಡು ರೇಡಿಯೋದ ಮುಂದೆ ನಿಂತಿದ್ದಳು. ಆ ಪೆಟ್ಟಿಗೆಯೊಳಗಿನ ದನಿ ಅವಳ ಗಂಡನದು. ಪರದೇಶದ ಕೇಂದ್ರವೊಂದರಿಂದ ಇವರ ಭಾಷೆಯಲ್ಲಿ ವಾರ್ತೆ ಓದುವುದು ಅವನ ಕೆಲಸ. ಸ್ವಂತ ವಿಷಯ ಒಂದಕ್ಷರ ಆಡುವಂತಿಲ್ಲ. ಕಾಗದ ಬರಲು ತಿಂಗಳು ಹಿಡಿಯುತ್ತದೆ. ಅದಕ್ಕೇ ಕಳೆದ ಕಾಗದದಲ್ಲಿ ಇವತ್ತಿನ ತಾರೀಖು ಹಾಕಿ ಬರೆದಿದ್ದ: ಆ ಗುರುವಾರ ಹವಾಮಾನ ಓದುವ ಮುಂಚೆ ಒಂದು ಸಲ ಕೆಮ್ಮಿದರೆ ಮನೆಗೆ ಬರುತ್ತೇನೆ ಅಂತ; ಎರಡು ಸಲ ಕೆಮ್ಮಿದರೆ ಇನ್ನೆರಡು ವರ್ಷಕ್ಕೆ ಸಹಿ ಹಾಕಿದ್ದೇನೆ ಅಂತ. ನಾನು ಬಂದಮೇಲೆ ಅಮ್ಮ ಅಣ್ಣನ ಮನೆಗೆ ಹೋಗಲಿ, ಪಾಪ, ಎಷ್ಟು ದಿನ ನಿನ್ನ ಕಾವಲಿರುತ್ತಾಳೆ, ಅಂತಲೂ ಸೇರಿಸಿದ್ದ.

"ಮಾತಾಡೋದಕ್ಕೇ ಸಂಬಳ ತಗೋತಾರೆ. ಹೆಂಡತಿಗೆ ಮಾತ್ರ ಕೆಮ್ಮು," ಎಂದಳು ಸೊಸೆ.

"ನನ್ನ ಮಗನ್ನ ಅನ್ನಬೇಡ. ಲೋಕವೆಲ್ಲ ಅವನ ದನಿ ಕೇಳುತ್ತೆ."

"ಕೇಳುತ್ತೆ. ಈ ಮಗೂನೂ ಕೇಳಿ ಕೇಳಿ ರೇಡಿಯೋನೇ ಅಪ್ಪ ಅಂದ್ಕೊಂಡಿದೆ. ನಿನ್ನೆ ಪಕ್ಕದ ಮನೆ ರೇಡಿಯೋಗೂ ಅಪ್ಪಾ ಅಂತು. ಆ ಮನೆಯಾಕೆ ನನ್ನ ಮುಖ ನೋಡಿದ್ರು."

"ಎರಡು ವರ್ಷ ತಾನೇ? ಕಣ್ಣು ಮುಚ್ಚಿ ತೆರೆಯೋದರಲ್ಲಿ ಹೋಗುತ್ತೆ."

"ಅಷ್ಟರಲ್ಲಿ ಇದನ್ನ ಸ್ಕೂಲಿಗೆ ಸೇರಿಸಬೇಕು. ಅರ್ಜಿಯಲ್ಲಿ ತಂದೆ ಅನ್ನೋ ಜಾಗದಲ್ಲಿ ಏನು ಬರೀಲಿ, ಮೂರು ಬ್ಯಾಂಡಿನ ರೇಡಿಯೋ ಅಂತಲೇ? ಇರಲಿ, ಎಂಟೂವರೆಗೆ ಇದೇ ವಾರ್ತೆ ಮತ್ತೆ ಹಾಕ್ತಾರೆ. ಆಗ ಗೊತ್ತಾಗುತ್ತೆ."

"ಸುಮ್ಮನೆ ಸೆಲ್ಲು ದಂಡ. ಎರಡು ಅಂದೆನಲ್ಲ."

"ಎರಡನೇ ಸಲ ಹೇಗೆ ಕೆಮ್ಮಿದ್ರು?"

"ಸ್ವಲ್ಪ ಸಣ್ಣಗೆ. ಸುಸ್ತಾಗಿರಬೇಕು, ಪಾಪ."

ಎಂಟೂವರೆಗೆ ಸೊಸೆ ರೇಡಿಯೋದ ಜಾಲರಿಗೆ ಕಿವಿ ಅಂಟಿಸಿ ಕೂತಳು. ಚುನಾವಣೆ, ಅಣೆಕಟ್ಟು, ಯಾರೋ ಸೋತ ಫುಟ್‌ಬಾಲ್, ಎಲ್ಲ ಮುಗಿಯಿತು. ಗಂಡ ಒಂದು ಸಲ ಕೆಮ್ಮಿದ. ಅದರ ಬೆನ್ನಿಗೇ ಇನ್ನೊಂದು ಕೆಮ್ಮು, ಸಣ್ಣಗೆ. ಅದು ಬಂದದ್ದು ರೇಡಿಯೋದಿಂದಲ್ಲ, ಅವಳ ಹಿಂದಿನಿಂದ.

ತಿರುಗಿ ನೋಡಿದಳು. ಅತ್ತೆ ಬಾಯಿಗೆ ಅಂಗೈ ಒತ್ತಿಕೊಂಡು ಕಿಟಕಿಯ ಕಡೆ ನೋಡುತ್ತಿದ್ದರು.

"ಅತ್ತೆ."

"ಧೂಳು ಕಣೇ."

"ಏಳು ಗಂಟೆ ವಾರ್ತೇಲೂ ಧೂಳೇ ಇತ್ತಾ?"

ಅತ್ತೆ ಬಾಯಿಂದ ಕೈ ತೆಗೆದರು. "ದೊಡ್ಡ ಸೊಸೆ ಮನೇಲಿ ಕೂತರೆ ಸೋಫಾ ಹಾಳು, ನಡೆದರೆ ನೆಲ ಹಾಳು. ರೇಡಿಯೋ ಮುಟ್ಟೋ ಹಾಗೇ ಇಲ್ಲ. ನೀನಾದರೂ ಜಗಳ ಆಡ್ತೀಯ. ಅವಳು ಮಾತೇ ಆಡಲ್ಲ."

ಸೊಸೆ ಮಗುವನ್ನು ಅತ್ತೆಯ ತೊಡೆಯ ಮೇಲೆ ಕೂರಿಸಿದಳು. ಕಪಾಟಿನಿಂದ ಕೆಮ್ಮಿನ ಔಷಧಿಯ ಬಾಟಲಿ ತಂದು ಮುಚ್ಚಳ ತಿರುಗಿಸಿದಳು.

"ನಿಮ್ಮ ಮಗ ಬಂದಮೇಲೂ ನೀವು ಇಲ್ಲೇ ಇರೋದು. ಅವರಿಗೆ ನಾನು ಹೇಳ್ತೀನಿ, ಕೆಮ್ಮಿ ಅಲ್ಲ, ಬಾಯಿ ಬಿಟ್ಟು. ಈಗ ಬಾಯಿ ತೆಗೀರಿ."

"ಕಹಿ ಕಣೇ ಅದು. ನನಗೆಲ್ಲಿದೆ ಕೆಮ್ಮು?"

"ಇದ್ದಿದ್ರೆ ಒಂದು ಚಮಚ ಸಾಕಿತ್ತು. ಇಲ್ಲದ ಕೆಮ್ಮಿಗೆ ಎರಡು."