ಕತ್ತೆರಾಜನ ಧ್ವನಿ

ಮಕ್ಕಳನ್ನು ನಗಿಸುವ ಕಾರ್ಟೂನ್ ಒಂದಕ್ಕೆ ನಾನು ಮಾತು ಬರೆಯುತ್ತೇನೆ. ಬರೆದದ್ದಕ್ಕೆ ಮಕ್ಕಳು ನಗುತ್ತಾರೋ ಇಲ್ಲವೋ ತಿಳಿಯದು. ಹಿಂದೂಪುರದ ನಮ್ಮ ರೆಕಾರ್ಡಿಂಗ್ ಕೋಣೆಯಲ್ಲಿ ಬರೆಯದೇ ಬರುವ ನಗು ಮಾತ್ರ ನಿಂತಿಲ್ಲ.

ಕಥೆಯಲ್ಲಿ ಇಬ್ಬರೇ: ತಾನು ರಾಜ ಎಂದುಕೊಂಡ ಕತ್ತೆ, ಅದನ್ನು ನಂಬದ ಕೋಳಿ. ಕತ್ತೆಯ ಧ್ವನಿ ಕಲ್ಯಾಣದುರ್ಗದ ನಾಟಕದ ಮೇಷ್ಟ್ರದು. ಪೌರಾಣಿಕ ನಾಟಕಗಳಲ್ಲಿ ರಾಜನಾಗಿಯೇ ತಲೆ ನರೆತವರು. ಕೋಳಿಯದು ಪರಿಗಿಯ ಟೈಲರಮ್ಮನದು. ಚಾನೆಲ್‌ನವರು ಮೊದಲೇ ಹೇಳಿದ್ದರು: ಮೊದಲ ಕಂತಿನಲ್ಲಿ ಕತ್ತೆ ಹಿಡಿಸದಿದ್ದರೆ ಬೆಂಗಳೂರಿನಿಂದ ಬೇರೆಯವರನ್ನು ಹಾಕುತ್ತೇವೆ. ಮೇಷ್ಟ್ರಿಗೆ ಈಗೀಗ ನಾಟಕಗಳಿಲ್ಲ. ಇದ್ದದ್ದು ಈ ಕತ್ತೆಯೊಂದೇ.

ಬಣ್ಣ

ಮೊದಲ ದಿನ ಮೇಷ್ಟ್ರು ಮುಖಕ್ಕೆ ಬಣ್ಣ ಬಳಿದು, ಮೀಸೆ ಅಂಟಿಸಿ, ಕಿರೀಟ ಇಟ್ಟುಕೊಂಡೇ ಬಸ್ಸಿಳಿದರು.

"ಇಲ್ಲಿ ಧ್ವನಿ ಒಂದೇ ಸಾಕು ಮೇಷ್ಟ್ರೇ," ಎಂದೆ.

"ಬಣ್ಣ ಇಲ್ದೆ ಗಂಟ್ಲು ಏಳಲ್ಲ ಕಣಪ್ಪ."

"ಬಸ್ಸಲ್ಲಿ ಜನ ನಗಲಿಲ್ವೇ?"

"ನಕ್ಕರು. ಆದ್ರೆ ಸೀಟು ಬಿಟ್‌ಕೊಟ್ಟೇ ನಕ್ಕರು."

ನೊಣ

ಮೊದಲ ಕಂತಿನಲ್ಲಿ ಕತ್ತೆ ಕೋಳಿಗೆ ಸೋಲಬೇಕು. ಮೇಷ್ಟ್ರು ಒಪ್ಪಲಿಲ್ಲ.

"ರಾಜ ಹೋಗಿ ಕೋಳಿ ಕೈಲಿ ಸೋಲೋದಾ?"

"ನೀವು ಕತ್ತೆ, ಮೇಷ್ಟ್ರೇ," ಟೈಲರಮ್ಮ ನೆನಪಿಸಿದರು.

"ಕತ್ತೆಗೂ ಮರ್ಯಾದೆ ಐತೆ ಕಣಮ್ಮ. ಸೋಲೋಕೆ ಮುಂಚೆ ಒಂದು ಪದ್ಯ ಬೇಕು."

ನಮ್ಮ ಕಡೆಯ ನಾಟಕಗಳಲ್ಲಿ ರಾಜ ಪದ್ಯ ಹಾಡದೆ ಸಾಯುವುದೂ ಇಲ್ಲ. ಹಾಡಿದರು. ಕೊನೆಯ ರಾಗ ಮುಗಿಯುವ ಲಕ್ಷಣವೇ ಇರಲಿಲ್ಲ. ಚಿತ್ರ ಬರೆಯುವ ಗೆಳೆಯ ಅಷ್ಟು ಹೊತ್ತೂ ಕತ್ತೆಯ ಬಾಯಿ ತೆರೆದೇ ಇಡಬೇಕಾಯಿತು. ಬರೀ ಬಾಯಿ ನೋಡಲು ಬೇಸರವೆಂದು ಒಂದು ನೊಣ ಒಳಹೋಗಿ, ಸುತ್ತಾಡಿ, ಹೊರಬರುವಂತೆ ಬರೆದ.

ಮೇಷ್ಟ್ರು ಗಂಭೀರವಾಗಿ ನೋಡಿ ಕೇಳಿದರು: "ಈ ನೊಣದ ಪಾರ್ಟು ಯಾರ್ದಪ್ಪ? ನನಗಿಂತ ಜಾಸ್ತಿ ಕಾಣ್ತಾನೆ."

ಕನ್ನಡಕ

ಕಂತಿನ ಕೊನೆಯ ಭಾಗವನ್ನು ಎದುರಿಗೇ ಕೇಳಲು ಚಾನೆಲ್‌ನ ಮೇಡಂ ಬಂದರು. ಮೇಷ್ಟ್ರು ಮೈಕಿನ ಮುಂದೆ ನಿಂತವರೇ ಕನ್ನಡಕ ತೆಗೆದಿಟ್ಟರು.

"ಅದಿಲ್ಲದೆ ಮಾತು ಹೇಗೆ ಓದ್ತೀರಿ?" ಎಂದೆ.

"ಕನ್ನಡಕ ಹಾಕಿರೋ ರಾಜನ್ನ ಎಲ್ಲಾದ್ರೂ ನೋಡಿದ್ದೀಯೇನಪ್ಪ?"

ನಾಟಕದಲ್ಲಾದರೆ ಪರದೆಯ ಹಿಂದೆ ಮಾತು ಹೇಳಿಕೊಡುವವರಿರುತ್ತಾರೆ. ಇಲ್ಲಿ ಆ ಕೆಲಸಕ್ಕೆ ಟೈಲರಮ್ಮ ನಿಂತರು. ಅವರು ಪಿಸುಗುಟ್ಟಿದ್ದನ್ನು ಮೇಷ್ಟ್ರು ಗುಡುಗಿದರು. ಆಮೇಲೆ ಹಾಕಿ ಕೇಳಿದರೆ ಮೈಕು ಎರಡನ್ನೂ ಹಿಡಿದಿತ್ತು. ಪ್ರತಿ ಮಾತನ್ನೂ ಮೊದಲು ಕೋಳಿ ಮೆಲ್ಲಗೆ ಹೇಳಿಕೊಡುತ್ತದೆ. ಕತ್ತೆ ಅದನ್ನೇ ತನ್ನ ಸ್ವಂತದ್ದೆಂಬಂತೆ ಅಬ್ಬರಿಸುತ್ತದೆ. ಮೇಷ್ಟ್ರ ಕೆಲಸ ಹೋಯಿತು ಎಂದುಕೊಂಡೆ.

ಮೇಡಂ ಮೇಜಿನ ಮೇಲೆ ತಲೆಯಿಟ್ಟು ನಗುತ್ತಿದ್ದರು. ಕಣ್ಣೊರೆಸಿಕೊಂಡು, "ಹೀಗೇ ಇರಲಿ. ಬೆಂಗಳೂರಿನವರು ಯಾರೂ ಬೇಡ, ಕತ್ತೆ ಮೇಷ್ಟ್ರೇ," ಎಂದರು.

ಮೇಷ್ಟ್ರು ಅಭ್ಯಾಸದಂತೆ ಹಿಂದಕ್ಕೆ ಕಿವಿಗೊಟ್ಟರು. ಟೈಲರಮ್ಮ ಹಿಂದಿನಿಂದ ಪಿಸುಗುಟ್ಟಿದರು: "ಥ್ಯಾಂಕ್ಸ್ ಮೇಡಂ ಅನ್ನಿ ಮೇಷ್ಟ್ರೇ."

ಮೇಷ್ಟ್ರು ಎದೆಯುಬ್ಬಿಸಿ, ಕೈ ಚಾಚಿ ಗುಡುಗಿದರು:

"ಥ್ಯಾಂಕ್ಸ್ ಮೇಡಂ ಅನ್ನಿ ಮೇಷ್ಟ್ರೇ!"