ಮುದ್ದೆಯೊಳಗಿನ ಗಂಟು

ನಿಮ್ಮಲ್ಲಿ ಮುಚ್ಚಿಡುವುದೇನು, ನಾನು ಮುದ್ದೆಯನ್ನು ಅಗಿದು ತಿನ್ನುವವನು. ಗದಗಿನ ಕಡೆಯ ರೊಟ್ಟಿಯ ಹಲ್ಲು ನನ್ನದು. ಬಾಯಿಗೆ ಬಂದದ್ದನ್ನು ಸುಮ್ಮನೆ ಒಳಗೆ ಬಿಡುವುದು ಅದಕ್ಕೆ ಗೊತ್ತಿಲ್ಲ. ಹೆಂಡತಿಯಾದರೋ ಕೆ.ಆರ್. ಪುರದ ಹಳೆಯ ಒಕ್ಕಲು ಮನೆತನದವಳು. ಅವರಲ್ಲಿ ಮುದ್ದೆಯನ್ನು ಸಾರಿನಲ್ಲಿ ಹೊರಳಿಸಿ ನುಂಗಬೇಕು. ಅಗಿದರೆ ಮಾಡಿದವರ ಮೇಲೆ ಅನುಮಾನಪಟ್ಟ ಹಾಗೆ. ಮದುವೆಯಾದ ಹೊಸದರಲ್ಲಿ ನನ್ನ ದವಡೆ ಆಡುವುದನ್ನು ಕಂಡು ಅತ್ತೆ, "ಯಾಕಳೀಮಯ್ಯಾ, ಕಲ್ಲು ಸಿಕ್ತಾ?" ಎಂದು ಕೇಳಿದ್ದರು.

ಆ ಅತ್ತೆ ಈಗ ರಾಮಮೂರ್ತಿ ನಗರದ ನಮ್ಮ ಬಾಡಿಗೆ ಮನೆಯಲ್ಲೇ ಇದ್ದಾರೆ. ಅವರ ಹೆಮ್ಮೆ ಒಂದೇ: ಅವರ ಮುದ್ದೆಯಲ್ಲಿ ಗಂಟಿರುವುದಿಲ್ಲ. ಆದರೆ ಒಂದು ವರ್ಷದಿಂದ ಅವರ ಮಣಿಕಟ್ಟು ಸೋತಿದೆ. ಮಗಳಿಗೆ ಗೊತ್ತಾದರೆ ಅಡುಗೆಮನೆ ಬಿಡಿಸಿಬಿಡುತ್ತಾಳೆ ಎಂಬ ಭಯ. ಹಾಗಾಗಿ ಅವಳು ಮಹಡಿಗೆ ಬಟ್ಟೆ ಒಣಹಾಕಲು ಹೋದಾಗ ಕೋಲು ಹಿಡಿದು ಹಿಟ್ಟು ತೊಳಸುವವನು ನಾನು. ಉಂಡೆ ಕಟ್ಟುವುದಷ್ಟೇ ಅತ್ತೆ. ಹೊಗಳಿಕೆಯೆಲ್ಲ ಅವರಿಗೆ. ನನಗೇನೂ ಹೊಟ್ಟೆಯುರಿ ಇರಲಿಲ್ಲ. ಸರಿ, ಸ್ವಲ್ಪ ಇತ್ತು.

ಹೀಗಿರುವಾಗ ಒಂಬತ್ತನೇ ತರಗತಿಯ ನನ್ನ ಮಗಳು ಸಿರಿಗೆ ಶಾಲೆಯಲ್ಲಿ ವಿಜ್ಞಾನದ ಹೋಂವರ್ಕ್ ಕೊಟ್ಟರು. ಮನೆಯ ಹತ್ತು ಪದಾರ್ಥಗಳನ್ನು ಕಣ್ಣಾರೆ ನೋಡಿ, ಎಲ್ಲ ಕಡೆ ಒಂದೇ ಥರ ಇದ್ದರೆ ಸಮರೂಪ, ಬೇರೆ ಬೇರೆ ಕಂಡರೆ ಭಿನ್ನರೂಪ ಎಂದು ಬರೆಯಬೇಕು. ಸಕ್ಕರೆ ನೀರು ಸಮರೂಪ, ಚಿತ್ರಾನ್ನ ಭಿನ್ನರೂಪ. ಟ್ಯಾಂಕರ್ ನೀರು ಮೊದಲು ಸಮರೂಪವಾಗಿತ್ತು, ಲೋಟದ ತಳದಲ್ಲಿ ಮಣ್ಣು ಕುಳಿತ ಮೇಲೆ ಪಟ್ಟಿ ಬದಲಾಯಿಸಿತು. ನಾನು ಶಿವಾಜಿನಗರದಿಂದ ಬರುವ ಬಸ್ಸನ್ನು ಸೂಚಿಸಿದೆ. ಹತ್ತುವಾಗ ತಮಿಳು, ದಖನಿ, ತೆಲುಗು, ಗದಗಿನ ಕನ್ನಡ ಎಲ್ಲ ಬೇರೆ ಬೇರೆ. ಹಲಸೂರು ದಾಟುವಷ್ಟರಲ್ಲಿ ಕಂಡಕ್ಟರ್ ಎಲ್ಲರನ್ನೂ ಒತ್ತಿ ಒಂದೇ ಹದಕ್ಕೆ ತಂದಿರುತ್ತಾನೆ. "ಅಪ್ಪಾ, ಪ್ಲೀಸ್," ಎಂದಳು.

ಹತ್ತನೆಯದಕ್ಕೆ ಅತ್ತೆಯೇ ಮುಂದೆ ಬಂದರು. "ನನ್ನ ಮುದ್ದೆ ಬರ್ಕೊ. ಒಂದೇ ಸಮ ಅಂದ್ರೆ ಅದು."

"ನೋಡ್ದೆ ಬರೀಬಾರ್ದಂತೆ ಅಜ್ಜಿ," ಎಂದು ಸಿರಿ ಭಾನುವಾರದ ಊಟಕ್ಕೆ ಕುಳಿತಾಗ ಚಾಕು ತಂದು ಮುದ್ದೆಯನ್ನು ನಡುವೆ ಕುಯ್ದಳು. ಒಳಗೆ ಗೋಲಿಯಷ್ಟು ಒಣಹಿಟ್ಟಿನ ಗಂಟು, ಬೆಳ್ಳಗೆ ಕಣ್ಣು ಬಿಟ್ಟು ಕುಳಿತಿತ್ತು! "ಅಜ್ಜೀ, ಭಿನ್ನರೂಪ!"

ಹೆಂಡತಿ ಊಟ ನಿಲ್ಲಿಸಿದಳು. ಸುಮ್ಮನಿದ್ದರೆ ಅತ್ತೆಯ ಹೆಸರು ಹೋಗುತ್ತದೆ. ಬಾಯಿಬಿಟ್ಟರೆ ಅವರ ಅಡುಗೆಮನೆ ಹೋಗುತ್ತದೆ. ಪಾಪ, ಮುದುಕಿ. ತಪ್ಪನ್ನು ಹೇಗೆ ಮೈಮೇಲೆ ಎಳೆದುಕೊಳ್ಳಲಿ ಎಂದು ಒಳ್ಳೊಳ್ಳೆಯ ಮಾತುಗಳನ್ನು ಜೋಡಿಸಿಕೊಂಡು ಗಂಟಲು ಸರಿಮಾಡಿದೆ.

"ನನ್ ಕೈಲಿ ಗಂಟಾಗತ್ತೇನೇ?" ಅತ್ತೆ ಗುಡುಗಿದರು. "ಅದು ನಿಮ್ಮಪ್ಪ ತೊಳಸಿದ್ದು! ನನ್ ಕೈ ನೋಯ್ತದೆ ಅಂತ ಒಂದ್ವರ್ಷದಿಂದ ಅವರೇ ತೊಳಸ್ತಾವ್ರೆ."

ಅಡುಗೆಮನೆ ಹೋದರೂ ಸರಿ, ಗಂಟು ಮಾತ್ರ ತನ್ನದಾಗಬಾರದು!

ಹೆಂಡತಿ ನನ್ನನ್ನು ದಿಟ್ಟಿಸಿದಳು. "ಅಂದ್ರೆ, ವರ್ಷದಿಂದ ಅಮ್ಮನ ಮುದ್ದೆ ಬೆಣ್ಣೆ ಥರ ಇದೆ ಅಂತ ನಾನು ಹೊಗಳಿದ್ದೆಲ್ಲ ನಿಮ್ಮನ್ನಾ?"

ಎಷ್ಟು ಸಂತೋಷವಾಯಿತೆಂದರೆ ಹೇಳತೀರದು. "ಹೌದು" ಎನ್ನಬೇಕು, ಅಷ್ಟರಲ್ಲಿ ಅತ್ತೆ, "ಅದು ನಾನು ಪಕ್ಕದಲ್ಲಿ ನಿಂತು ಹೇಳ್ಕೊಟ್ಟಿದ್ದು. ಇವತ್ತು ಫೋನ್ ಬಂತು ಅಂತ ಒಂದ್ನಿಮಿಷ ಆಚೆ ಹೋದೆ, ನೋಡು ಗತಿ!" ಎಂದರು.

ಈಗ ಒಲೆಯ ಪಕ್ಕ ಅತ್ತೆಗೊಂದು ಸ್ಟೂಲು ಬಂದಿದೆ. ಕುಳಿತೇ ಆಜ್ಞೆ ಮಾಡುತ್ತಾರೆ, ನಾನು ಬೆವರು ಸುರಿಸಿ ತೊಳಸುತ್ತೇನೆ. ಮುದ್ದೆ ನುಣ್ಣಗಾದ ದಿನ ಅದು ಅತ್ತೆಯದು, ಗಂಟಾದ ದಿನ ನನ್ನದು.