ಪಾಪವಿಲ್ಲದ ಪಾಪ್‌ಕಾರ್ನ್

ಹೋದ ವರ್ಷ ಹ್ಯಾಲೋವೀನ್ ಹಬ್ಬದ ಸಂಜೆ ದೆವ್ವದ ವೇಷ ಹಾಕಿ ಸಿಹಿ ಕೇಳಲು ಬಾಗಿಲಿಗೆ ಬಂದ ಮಕ್ಕಳಿಗೆಲ್ಲ ಆರ್ವಿಲ್ ಸ್ಟಟ್ಸ್ ಒಂದೊಂದು ಹಲ್ಲುಜ್ಜುವ ಬ್ರಷ್ ಕೊಟ್ಟಿದ್ದ. ಸಿಹಿ ಸಿಗದ ಹುಡುಗರ ಸೇಡಿಗೆ, ಬೆಳಗಾಗುವಷ್ಟರಲ್ಲಿ ಅವನ ಅಂಗಳದ ಮೇಪಲ್ ಮರ ಬುಡದಿಂದ ತುದಿಯವರೆಗೆ ಟಾಯ್ಲೆಟ್ ಪೇಪರ್ ಸುತ್ತಿಕೊಂಡು, ಆಗಷ್ಟೇ ಆಸ್ಪತ್ರೆಯಿಂದ ಬಿಟ್ಟ ರೋಗಿಯ ಹಾಗೆ ನಿಂತಿತ್ತು. ಅದರ ಮೇಲೊಂದು ಮಳೆ ಬಿತ್ತು. ಕ್ರಿಸ್‌ಮಸ್ ಬಂದರೂ ಕೊಂಬೆಗಳಿಗೆ ಅಂಟಿದ್ದು ಬಿಡಲಿಲ್ಲ.

ಈ ಸಲದ ಹಬ್ಬದ ಬೆಳಿಗ್ಗೆ ಪಕ್ಕದ ಮನೆಯ ಗಸ್ ಪೊಕಾರ್ನಿ ಬೇಲಿಯ ಮೇಲೆ ಗದ್ದವಿಟ್ಟು ಕೇಳಿದ. "ಏನಯ್ಯಾ ಆರ್ವಿಲ್, ಈ ವರ್ಷ ಏನು ಹಂಚ್ತೀಯಾ? ಸಾಬೂನಾ?"

"ಒಳ್ಳೇ ತಿಂಡಿನೇ ಹಂಚ್ತೀನಿ. ಈ ಸಲ ನನ್ನ ಮರಕ್ಕೆ ಒಂದು ಚೂರು ಕಾಗದ ಬಿದ್ರೆ ಕೇಳು."

"ಬಿದ್ರೆ ನನ್ನ ಅಂಗಳದ ಎಲೆನೆಲ್ಲ ನೀನೇ ಗುಡಿಸ್ಬೇಕು. ಹಿಮ ಬೀಳೋವರ್ಗೂ."

"ಬೀಳ್ದಿದ್ರೆ ನನ್ನದನ್ನ ನೀನು."

"ಆಯ್ತು ಬಿಡು. ಆದ್ರೆ ಈ ಹುಡುಗ್ರನ್ನ ನಂಬೋಕಾಗಲ್ಲ. ಫುಟ್‌ಬಾಲ್ ತಂಡ ಗೆದ್ದ ದಿನ ಅವರ ಕೋಚ್ ಮನೆಗೇ ಕಾಗದ ಸುತ್ತಿದ್ರಂತೆ."

"ಅವನೂ ಬ್ರಷ್ ಕೊಟ್ಟಿರ್ಬೇಕು" ಎಂದು ಆರ್ವಿಲ್ ಅಂಗಡಿಯ ಕಡೆ ಹೊರಟ. ಗಸ್‌ನ ಅಂಗಳದಲ್ಲಿ ಓಕ್ ಮರಗಳು ನಾಲ್ಕು. ಆರ್ವಿಲ್‌ನ ಸೊಂಟ ಮಾತ್ರ ಒಂದೇ, ಅದೂ ಹಳೆಯದು. ಆದರೂ ಅವನಿಗೆ ಭಯವೇನೂ ಇರಲಿಲ್ಲ. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವನು, ಮಕ್ಕಳ ಮನಸ್ಸು ತನಗೆ ತಿಳಿಯದೇ ಎಂದುಕೊಂಡಿದ್ದ.

ಅಂಗಡಿಯಲ್ಲಿ ಚಾಕೊಲೇಟಿನ ದೊಡ್ಡ ಚೀಲಕ್ಕೆ ಕೈ ಹಾಕಿದ್ದೇ ತಡ, ಎದುರು ಮನೆಯ ಟೀಚರ್ ಥಿಯಾ ಎಲ್ಲಿಂದಲೋ ಪ್ರತ್ಯಕ್ಷಳಾದಳು. ಊರಿನವರ ತಪ್ಪು ತಿದ್ದುವುದಕ್ಕೆ ಆಕೆಗೆ ರಜೆ ಎಂಬುದಿಲ್ಲ.

"ಮಿಸ್ಟರ್ ಸ್ಟಟ್ಸ್, ಆ ಚಾಕೊಲೇಟಿನ ಕೋಕೋ ಬೀಜ ಕಿತ್ತಿದ್ದು ಯಾರು ಗೊತ್ತಾ?"

"ನಾನಂತೂ ಅಲ್ಲಮ್ಮ."

"ಎಷ್ಟೋ ತೋಟಗಳಲ್ಲಿ ಮಕ್ಕಳ ಕೈಲೇ ಕೀಳಿಸ್ತಾರೆ. ನಿಮ್ಮ ಬಸ್ಸಲ್ಲಿ ಕೂತ್ಕೋತಿದ್ರಲ್ಲ, ಅಷ್ಟಷ್ಟು ಚಿಕ್ಕ ಮಕ್ಕಳು!"

ಆರ್ವಿಲ್ ಕಾದ ಬಾಣಲೆ ಮುಟ್ಟಿದವನಂತೆ ಕೈ ಹಿಂದೆಳೆದುಕೊಂಡ. ಒಂದು ಮಗುವನ್ನು ದುಡಿಸಿ ಇನ್ನೊಂದು ಮಗುವಿಗೆ ತಿನ್ನಿಸುವುದು ಅವನಿಂದ ಆಗದ ಮಾತು. ಥಿಯಾ, ಮಕ್ಕಳನ್ನು ದುಡಿಸಿಲ್ಲ ಎಂಬ ಮುದ್ರೆಯಿದ್ದ ಬೇರೊಂದು ಚಾಕೊಲೇಟ್ ತೋರಿಸಿದಳು. ಅವನು ಕನ್ನಡಕ ಹಾಕಿ ಬೆಲೆ ಓದಿದ, ಕನ್ನಡಕ ಒರೆಸಿ ಮತ್ತೆ ಓದಿದ. ಬೀದಿಗೆಲ್ಲ ಅದನ್ನು ಹಂಚಿದರೆ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಟರ್ಕಿ ಕೋಳಿಯ ಚಿತ್ರ ನೋಡಿಕೊಂಡು ಊಟ ಮಾಡಬೇಕು. ಮಿಠಾಯಿಯ ಕಡೆ ತಿರುಗಿದರೆ ಅದರಲ್ಲಿ ತಾಳೆಎಣ್ಣೆ, ಅದಕ್ಕಾಗಿ ಕಾಡು ಸುಡುತ್ತಾರಂತೆ.

"ಹೋಗ್ಲಿ, ಸೇಬು ಕೊಡ್ಲಾ?"

"ಪ್ಯಾಕೆಟ್ಟಿಲ್ಲದ್ದನ್ನ ಯಾವ ತಾಯಿನೂ ಮಗೂಗೆ ಕೊಡಲ್ಲ. ಒಳಗೆ ಬ್ಲೇಡ್ ಇರುತ್ತೆ ಅಂತ ಹೆದರ್ತಾರೆ."

"ನಾನು ಬ್ಲೇಡ್ ಇಡೋನಾ?"

"ನೀವು ಬ್ರಷ್ ಕೊಟ್ಟೋರು, ಮಿಸ್ಟರ್ ಸ್ಟಟ್ಸ್."

ಆರ್ವಿಲ್ ಬರಿಗೈಯಲ್ಲಿ ಮನೆಗೆ ಬಂದ. ಹೆಂಡತಿ ಮಾರ್ಲೀನ್ ಒಲೆಯ ಮೇಲಿನ ಸೂಪ್ ತಿರುವುತ್ತ, "ಕಣ್ಣೆದುರೇ ಮಾಡಿ ಕೊಟ್ರೆ ಯಾರಿಗೆ ಅನುಮಾನ?" ಎಂದಳು. ಅಷ್ಟೇ ಸಾಕಾಯಿತು. ಊರಾಚೆಯ ರೈತ ಮನೆಮಂದಿಯೊಂದಿಗೆ ಬೆಳೆದ ಪಾಪ್‌ಕಾರ್ನ್ ಜೋಳ ಒಂದು ಮೂಟೆ, ಚರ್ಚಿನಿಂದ ಎರವಲು ತಂದ ಯಂತ್ರ, ರದ್ದಿ ಕಾಗದದಿಂದ ಮಾಡಿದ ಚೀಲಗಳು. ಖರ್ಚು ಕಡಿಮೆ, ಪಾಪ ಇಲ್ಲವೇ ಇಲ್ಲ.

ಸಂಜೆ ಜಗುಲಿಯಲ್ಲಿ ಯಂತ್ರ ಹಚ್ಚಿದ. ಮೊದಲ ಗಿರಾಕಿಯಾಗಿ ಒಂದು ಪುಟ್ಟ ದೆವ್ವ ಬಂದು "ತಿಂಡಿಯೋ ತಂಟೆಯೋ!" ಎಂದಿತು. ಜೋಳ ಬೆಳೆದವರು ಯಾರು, ಚೀಲ ಯಾವ ಕಾಗದದ್ದು ಎಂದು ಆರ್ವಿಲ್ ಅದಕ್ಕೆ ವಿವರಿಸತೊಡಗಿದ. ವಿವರ ಮುಗಿಯುವ ಮೊದಲೇ ಜೋಳ ಸೀದು, ರೈಲು ಬಂದ ಹಾಗೆ ಹೊಗೆ ಎದ್ದಿತು. ಗಸ್ ಹಿಂದೆಮುಂದೆ ನೋಡದೆ ಅಗ್ನಿಶಾಮಕದವರಿಗೆ ಫೋನ್ ಮಾಡಿದ.

ಕೆಂಪು ಬಂಡಿ ಕೂಗುತ್ತ ಬಂತು. ಅದರ ಹಿಂದೆ ಊರಿನ ದೆವ್ವ, ಮಾಟಗಾತಿ, ಅಸ್ಥಿಪಂಜರಗಳೆಲ್ಲ ಓಡಿ ಬಂದವು. ಬೆಂಕಿ ಕಾಣದೆ ಪೆಚ್ಚಾದ ಅಗ್ನಿಶಾಮಕದವರು ಎರಡನೆಯ ಸಲ ಸಿಡಿದ ಬಿಸಿ ಪಾಪ್‌ಕಾರ್ನ್ ಬಾಯಿಗೆ ಹಾಕಿಕೊಂಡು, ಮಕ್ಕಳನ್ನು ಬಂಡಿ ಹತ್ತಿಸಿ ಗಂಟೆ ಬಾರಿಸಲು ಬಿಟ್ಟರು. ಸಾಲು ಬೀದಿಯ ಕೊನೆ ಮುಟ್ಟಿತು. ಫುಟ್‌ಬಾಲ್ ತಂಡದ ಧಡಿಯ ಹುಡುಗರೂ ಬಂದು, ಆರ್ವಿಲ್‌ನ ಭಾಷಣವನ್ನು ಪೂರ್ತಿ ಕೇಳಿ, ಎರಡೆರಡು ಚೀಲ ಒಯ್ದರು.

ಮೂಟೆ ಖಾಲಿಯಾದಾಗ ಆರ್ವಿಲ್ ಬೇಲಿಯ ಕಡೆ ನೋಡಿ, "ಗಸ್, ನಾಳೆ ಬೇಗ ಎದ್ದು ಬಾ. ನನ್ನ ಎಲೆ ಕಾಯ್ತಾ ಇರುತ್ತೆ" ಎಂದ.

ಯಂತ್ರವನ್ನು ಚರ್ಚಿಗೆ ಒಪ್ಪಿಸಿ ಗಂಡ ಹೆಂಡತಿ ಮರಳಿ ಬಂದರು. ಬೀದಿ ತಿರುಗುತ್ತಲೇ ಮಾರ್ಲೀನ್ ಗಂಡನ ತೋಳು ಹಿಡಿದಳು. ಮೇಪಲ್ ಮರ ಮದುಮಗಳಂತೆ ಅಡಿಯಿಂದ ಮುಡಿಯವರೆಗೆ ಬೆಳ್ಳಗಿತ್ತು. ಬುಡದಲ್ಲಿ ಫುಟ್‌ಬಾಲ್ ತಂಡ ಸಾಲಾಗಿ ನಿಂತು ಚಪ್ಪಾಳೆ ತಟ್ಟುತ್ತಿತ್ತು.

"ನಾನೇನು ತಪ್ಪು ಮಾಡ್ದೆ?" ಎಂದ ಆರ್ವಿಲ್, ಅಳುವುದೊಂದು ಬಾಕಿ.

ನಾಯಕ ಟೆರೆಲ್ ಮುಂದೆ ಬಂದ. ಚಿಕ್ಕವನಿದ್ದಾಗ ಬಸ್ಸಿನ ಮೊದಲ ಸೀಟಿನವನು. "ತಪ್ಪಾ? ಮಿಸ್ಟರ್ ಆರ್ವಿಲ್, ನಮ್ಮ ತಂಡ ತುಂಬ ಇಷ್ಟಪಟ್ಟೋರ ಮನೆಗೆ ಹೀಗೆ ಸುತ್ತೋದು ರೂಢಿ. ಕೋಚ್ ಆದ್ಮೇಲೆ ನೀವೇ!"

"ಮತ್ತೆ ಹೋದ ವರ್ಷ?"

"ಅದು ಬ್ರಷ್‌ಗೆ. ಅದೇ ಬೇರೆ, ಇದೇ ಬೇರೆ" ಎಂದು ಟೆರೆಲ್ ನಾಚಿಕೊಂಡ. "ನೀವು ಹೇಳಿದ್ದೆಲ್ಲ ನೆನಪಿಟ್ಕೊಂಡಿದ್ದೀವಿ. ಇದು ಮರ ಕಡಿದು ಮಾಡಿದ್ದಲ್ಲ, ರದ್ದಿ ಕಾಗದದಿಂದ ಮಾಡಿದ್ದು. ಸ್ವಲ್ಪ ದುಬಾರಿ. ಎಲ್ಲ ಸೇರಿ ತಂದ್ವಿ."

ಬೈಯಲು ತೆರೆದ ಬಾಯಿಂದ ಆರ್ವಿಲ್‌ಗೆ "ಒಳ್ಳೇದಪ್ಪ" ಎನ್ನುವುದಷ್ಟೇ ಬಂತು. ಅಷ್ಟರಲ್ಲಿ ಅವನ ಬೋಳು ತಲೆಯ ಮೇಲೆ ಮಳೆಯ ಮೊದಲ ಹನಿ ಬಿತ್ತು.

ಗಸ್ ಬೇಲಿಯ ಆಚೆಯಿಂದ ಎಲೆ ಬಾಚುವ ಕೋಲನ್ನು ಚಾಚಿದ.

"ತಗೋ ಆರ್ವಿಲ್. ಹಿಡಿ ಮಾತ್ರ ಮರದ್ದು ಮಾರಾಯ. ಕಡಿದೇ ಮಾಡಿದ್ದು, ಬೇಜಾರು ಮಾಡ್ಕೋಬೇಡ."